ಹೀರೋ ಬರೋ ಮನೆಗೆ ಸುಣ್ಣ

ಸಿನಿಮಾದವರು ಬಡವರ ಮನೆ ಹುಡುಕಿಕೊಂಡು ಬೆಂಗಳೂರಿನ ಅಂಚಿನ ಮಾಕಳಿಗೆ ಬಂದಾಗ ಮೊದಲು ನೋಡಿದ್ದು ಪಾಪಯ್ಯನ ಮನೆಯನ್ನಲ್ಲ. ಆ ಮನೆಯ ಹಿಂದೆ ಪಾಪಯ್ಯನೇ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಹನ್ನೊಂದು ರೂಮುಗಳಲ್ಲಿ ಮೂರನೆಯದನ್ನು, ಬಸಮ್ಮನ ರೂಮನ್ನು. ಬಸಮ್ಮ ರಾಯಚೂರು ಕಡೆಯವಳು. ಗಂಡ ಯಮನಪ್ಪ ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಸೆಕ್ಯೂರಿಟಿ, ಅವಳು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಹತ್ತಡಿ ಅಗಲ, ಹತ್ತಡಿ ಉದ್ದದ ರೂಮು. ಗೋಡೆಯ ಹಲಗೆಯ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಿದ ಪಾತ್ರೆಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಂತಿದ್ದವು. ಗ್ಯಾಸ್ ಸಿಲಿಂಡರಿಗೂ ಒಂದು ಹೂವಿನ ಬಟ್ಟೆ ಹೊದಿಸಿತ್ತು.

ಆರ್ಟ್ ಡೈರೆಕ್ಟರ್ ಲೋಕೇಶ್ ಬಾಗಿಲಲ್ಲೇ ನಿಂತು ತಲೆಯಾಡಿಸಿದ. "ಆಗಲ್ಲ ಗುರು. ತುಂಬಾ ನೀಟಾಗಿದೆ. ಬಡವರ ಮನೆ ಥರ ಕಾಣಲ್ಲ."

ಬಸಮ್ಮ ಸೊಂಟದ ಮೇಲೆ ಕೈ ಇಟ್ಟಳು. "ತಿಂಗಳಿಗೆ ಐದು ಸಾವಿರದ ಎಂಟು ನೂರು ಪಗಾರ್ರೀ ನಂದು. ಇನ್ನ ಎಷ್ಟು ಬಡವ್ರಾಗಬೇಕ್ರೀ ನಾವು?"

ಲೋಕೇಶ್ ನಗುತ್ತಾ ಈಚೆ ಬಂದವನು ಹಾಗೇ ನಿಂತುಬಿಟ್ಟ. ಎದುರಿಗೆ ಪಾಪಯ್ಯನ ಸ್ವಂತ ಮನೆ. ನಾಡಹಂಚು, ಉದ್ದದ ಜಗಲಿ, ಅಡುಗೆಮನೆ ಕಿಟಕಿಯ ಸುತ್ತ ಒಂದಿಷ್ಟು ಹೊಗೆ. ಎರಡೂ ಕೈಯ ಬೆರಳು ಸೇರಿಸಿ ಚೌಕಟ್ಟು ಮಾಡಿ ಅದರೊಳಗಿಂದ ನೋಡಿದ. "ಇದು! ಇದು ನೋಡು ಬಡತನ ಅಂದ್ರೆ! ಯಾರ್ದು ಈ ಮನೆ?"

ಹನ್ನೊಂದು ರೂಮಿನ ಓನರ್ ಪಾಪಯ್ಯ ಬಾಯಲ್ಲಿದ್ದ ಬ್ರಷ್ ತೆಗೆದು, "ನಂದೇ," ಅಂದ.

ಜಗಲಿಯ ಮೇಲೆ ಕೂದಲು ಒಣಗಿಸುತ್ತಿದ್ದ ಯಮುನಾಗೆ ನಗು ತಡೆಯಲಾಗಲಿಲ್ಲ.

ಯಮುನಾ ಪಾಪಯ್ಯನ ಮಗಳು, ಇಪ್ಪತ್ತೆರಡು ವರ್ಷ. ಪೀಣ್ಯ ಸೆಕೆಂಡ್ ಸ್ಟೇಜಿನ ಒಂದು ಗಾರ್ಮೆಂಟ್ ಕಂಪನಿಯಲ್ಲಿ ಸ್ಯಾಂಪಲ್ ಟೈಲರ್. ಫಾರಿನ್ನಿನಿಂದ ಹೊಸ ಡಿಸೈನ್ ಬಂತೆಂದರೆ ಮೊದಲನೇ ಪೀಸು ಇವಳ ಕೈಯಲ್ಲೇ ಆಗಬೇಕು. ಅದನ್ನು ನೋಡಿಕೊಂಡೇ ಉಳಿದ ಸಾವಿರಾರು ಪೀಸು ಹೊಲಿಯುವುದು. ಅಣ್ಣ ಮುನೀಂದ್ರನದು ಲೇತ್ ಕೆಲಸ, ಆದರೆ ಜೀವ ಸಿನಿಮಾ. ಲೋಕೇಶನನ್ನು ಊರಿಗೆ ಕರೆತಂದವನೂ ಅವನೇ.

ಅವತ್ತು ಸಂಜೆ ಊಟಕ್ಕೆ ಕೂತಾಗ ಜಗಳ ಶುರುವಾಯಿತು.

"ದಿನಕ್ಕೆ ಐದು ಸಾವಿರ ಕೊಡ್ತಾರಂತಪ್ಪ. ಒಟ್ಟು ನಾಲ್ಕೈದು ದಿನ. ಲವ್ ಸ್ಟೋರಿ, ಗಲಾಟೆ ಗಿಲಾಟೆ ಏನೂ ಇಲ್ಲ," ಅಂದ ಮುನೀಂದ್ರ.

"ಹಸು ಕೊಟ್ಟಿಗೆಗೆ ಶೀಟ್ ಆಕಿಸ್ಬೋದು," ಅಂದ ಪಾಪಯ್ಯ, ಮುದ್ದೆ ಮುರಿಯುತ್ತಾ.

ರಾಮಕ್ಕಜ್ಜಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಪಾಪಯ್ಯನ ತಾಯಿ, ಎಪ್ಪತ್ತಾಗಿದ್ದರೂ ದನಿ ಇನ್ನೂ ಹೊಲದ ಆ ಬದುವಿಗೆ ಕೇಳಿಸುವಂಥದ್ದು. "ನಮ್ಮನೇನ ಬಡವ್ರ ಮನೆ ಅಂತ ಊರಿಗೆಲ್ಲ ತೋರುಸ್ತಾರಾ? ನಿಮ್ಮ ತಾತ ಕಟ್ಸಿದ್ ಮನೆ ಕಣ್ಲಾ ಇದು! ನಾವೇನು ಬಾಡಿಗೆಯವ್ರಾ?"

ಹಿತ್ತಲ ಬಾಗಿಲು ತೆರೆದೇ ಇತ್ತು. ಅಲ್ಲಿ ನಲ್ಲಿಯ ಹತ್ತಿರ ಬಸಮ್ಮ ಕೊಡ ಹಿಡಿದು ನಿಂತಿದ್ದಳು. ಯಮುನಾ ನೋಡಿದಳು. ಬಸಮ್ಮ ನಲ್ಲಿ ನಿಲ್ಲಿಸಿದಳು. ಅರ್ಧ ತುಂಬಿದ್ದ ಕೊಡವನ್ನೇ ಎತ್ತಿಕೊಂಡು ಹೋದಳು.

"ಅಜ್ಜಿ, ಮೆಲ್ಲಗೆ," ಅಂದಳು ಯಮುನಾ.

"ಯಾಕೆ ಮೆಲ್ಲಗೆ? ಸುಳ್ಳೇಳಿದ್ನಾ?"

ಕೊನೆಗೆ ಕೊಟ್ಟಿಗೆಯ ಶೀಟೇ ಗೆದ್ದಿತು.

ಮೊದಲ ಶೂಟಿಂಗು ಮೂರು ದಿನ. ಲೋಕೇಶನ ಹುಡುಗರು ಬೆಳಿಗ್ಗೆ ಆರಕ್ಕೇ ಬಂದು ಫ್ರಿಜ್ಜು, ಟಿವಿ, ಮಿಕ್ಸಿ ಎಲ್ಲವನ್ನೂ ಕೊಟ್ಟಿಗೆಗೆ ಸಾಗಿಸಿದರು. ಇದ್ದಿಲ ಪುಡಿಯನ್ನು ಟೀ ಡಿಕಾಕ್ಷನ್ನಿಗೆ ಕಲೆಸಿ ಗೋಡೆಗೆಲ್ಲ ಎರಚಿದರು. ಒಡೆದ ಮಡಕೆ ತಂದು ಮೂಲೆಗಿಟ್ಟರು. ತೊಲೆಗೆ ಒಂದು ಲಾಟೀನು ನೇತುಹಾಕಿದರು.

"ನಮ್ಮನೇಲಿ ಕರೆಂಟೈತೆ ಕಣಪ್ಪ," ಅಂದ ಪಾಪಯ್ಯ.

"ಪಿಕ್ಚರಲ್ಲಿ ಇರಲ್ಲ ಸಾರ್."

"ಹುಡ್ಗಿ ಪೀಣ್ಯದಾಗೆ ಕೆಲ್ಸ ಮಾಡ್ತಾಳೆ ಅಂದ್ರಿ? ಅಷ್ಟು ದೊಡ್ಡ ಪೀಣ್ಯಕ್ಕೆ ಕರೆಂಟೈತೆ, ಅವಳ ಮನೆಗಿಲ್ವಾ?"

"ಸಾರ್, ಲಾಟೀನಲ್ಲಿ ಮುಖ ಚೆನ್ನಾಗಿ ಬರುತ್ತೆ. ಬಿಡಿ ಸಾರ್."

ಕಥೆ ಇಷ್ಟು: ಗಾರ್ಮೆಂಟ್ಸ್ ಹುಡುಗಿ, ವೈಟ್‌ಫೀಲ್ಡಿನ ಸಾಹುಕಾರರ ಮಗ. ಹುಡುಗಿಯ ಅಪ್ಪ ಕುಡುಕ, ಅಮ್ಮನಿಗೆ ಕೆಮ್ಮು, ಅಣ್ಣ ಪೋಲಿ. ಹುಡುಗನ ಅಪ್ಪನಿಗೆ ಸೂಟು, ಅಮ್ಮನಿಗೆ ನಾಯಿಮರಿ. ಅಜ್ಜಿ ಜಗಲಿಯ ತುದಿಯಲ್ಲಿ ಕೂತು ಒಂದು ಶಾಟೂ ಬಿಡದೆ ನೋಡಿದಳು.

"ಆ ಹುಡ್ಗಿ ಯಾಕ್ಲಾ ಒಂದೇ ಸಮ ಅಳ್ತಾಳೆ? ಸಂಬಳ ಆಗಿಲ್ವಂತಾ?"

"ಬಡವ್ರು ಅಲ್ವೇನಜ್ಜಿ," ಅಂದ ಮುನೀಂದ್ರ.

"ಅದಕ್ಕೆ? ಬಡವ್ರು ಅಂದ್ರೆ ಮನೇಲಿ ಒಬ್ರಾದ್ರೂ ನೆಟ್ಟಗಿರಬಾರ್ದಾ?"

ಯಮುನಾ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಉಳಿದಿದ್ದಳು. ಮೊದಲ ದಿನವೇ ಕಾಸ್ಟ್ಯೂಮಿನ ಶಾಂತಿ ಮೇಡಂ ಹಸಿರು ರವಿಕೆಯೊಂದನ್ನು ಎತ್ತಿ ಹಿಡಿದು, "ಇಲ್ಲಿ ಯಾರಿಗಾದ್ರೂ ಸೂಜಿ ಹಿಡಿಯೋಕೆ ಬರುತ್ತಾ? ಇದಕ್ಕೊಂದು ರಿಪೇರಿ ಮಾಡ್ಬೇಕು!" ಎಂದು ಕೂಗಿದರು. ಮೇಡಮ್ಮಿನ ಅಸಿಸ್ಟೆಂಟು ಮದುವೆ ಆಗಿ ಕೆಲಸ ಬಿಟ್ಟಿದ್ದಳಂತೆ.

"ನಮ್ ತಂಗಿ ಇದಾಳೆ ಮೇಡಂ! ಎಕ್ಸ್‌ಪೋರ್ಟ್ ಕ್ವಾಲಿಟಿ!" ಎಂದು ಮುನೀಂದ್ರ ಅವಳನ್ನು ಮುಂದಕ್ಕೆ ತಳ್ಳಿದ.

ತೋಳಿನ ಹತ್ತಿರ ಎರಡು ಬೆರಳಗಲ ಹರಿದಿತ್ತು. ಯಮುನಾ ರವಿಕೆಯ ಒಳ ಅಂಚಿನಿಂದಲೇ ನಾಲ್ಕು ಎಳೆ ನೂಲು ಬಿಡಿಸಿ, ಹರಿದ ಕಡೆ ಒಂದೊಂದೇ ಎಳೆಯಾಗಿ ನೇಯ್ದಳು. ಇಪ್ಪತ್ತು ನಿಮಿಷಕ್ಕೆ ತಂದುಕೊಟ್ಟಳು.

ಶಾಂತಿ ಮೇಡಂ ರವಿಕೆಯನ್ನು ಹಿಂದೆ ಮುಂದೆ ತಿರುಗಿಸಿದರು. "ಎಲ್ಲಿ ಹರಿದಿತ್ತು?"

"ಇಲ್ಲಿ ಮೇಡಂ."

"ಕಾಣ್ತಾನೇ ಇಲ್ವಲ್ಲೇ!"

"ಹೂಂ ಮೇಡಂ," ಅಂದಳು ಯಮುನಾ, ಹೆಮ್ಮೆಯಿಂದ.

ಮೇಡಂ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಮ್ಮಾ ತಾಯಿ, ಕಾಣ್ಬೇಕು! ಬಾಲ್ಕನಿಯ ಕೊನೇ ಸೀಟಲ್ಲಿ ಕೂತವನಿಗೂ ಕಾಣ್ಬೇಕು, ಈ ಹುಡುಗಿ ಬಡವಳು ಅಂತ. ಕೆಂಪು ತೇಪೆ ಹಾಕು. ಕಪ್ಪು ದಾರ. ಇಷ್ಟಿಷ್ಟುದ್ದ ಹೊಲಿಗೆ."

"ಮೇಡಂ, ಹಸಿರಿಗೆ ಕೆಂಪಾ? ಆ ಹುಡುಗಿ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಅಲ್ವಾ? ಅವಳಿಗೇ ಹೊಲಿಗೆ ಬರಲ್ವಾ?"

ಮೇಡಂ ಕಣ್ಣೊರೆಸಿಕೊಂಡರು. "ಪ್ರಶ್ನೆ ಚೆನ್ನಾಗಿದೆ. ಕೆಂಪು ಬಟ್ಟೆ ಡಬ್ಬದಲ್ಲಿದೆ."

ಯಮುನಾ ಹಾಕಿದಳು. ಮೂರು ದಿನ ಅದೇ ಕೆಲಸ. ಹೊಸ ಸೀರೆಗಳನ್ನು ಟೀ ನೀರಿನಲ್ಲಿ ಅದ್ದಿ ಬಣ್ಣ ಕೆಡಿಸುವುದು, ಸೆರಗನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜುವುದು, ಕಾಣುವ ಹಾಗೆ ತೇಪೆ ಹಾಕುವುದು. ಕೈಗೆ ಇಷ್ಟವಿಲ್ಲದ ಕೆಲಸ. ಆದರೆ ಉಳಿದದ್ದೆಲ್ಲ ಎಷ್ಟು ಚೆಂದವಿತ್ತು! ಹೀರೋಯಿನ್ ಹದಿನಾಲ್ಕು ಸಲ ಅದೇ ಬಿಸಿಲಲ್ಲಿ ಅದೇ ಜಗಲಿಗೆ ಓಡಿಬಂದಳು; ಒಂದು ಸಲವೂ ಗೊಣಗಲಿಲ್ಲ. ಹದಿನೈದನೇ ಸಲ, ದೂರದಲ್ಲಿ ಹುಡುಗನ ಬೈಕಿನ ಸದ್ದು ಕೇಳಿ ಅವಳು ತುಟಿ ಕಚ್ಚಿ ನಕ್ಕಾಗ, ಅಂಗಳದಲ್ಲಿದ್ದ ನಲವತ್ತು ಜನ ಉಸಿರು ಬಿಗಿಹಿಡಿದರು. ಯಮುನಾಗೆ ಮೈ ಜುಮ್ಮೆಂದಿತು. ಈ ಕೆಲಸದಲ್ಲಿ ನಾನಿರಬೇಕು ಎಂದು ಅವಳಿಗೆ ಅನ್ನಿಸಿದ್ದು ಆ ಕ್ಷಣದಲ್ಲೇ.

ಮೂರನೇ ದಿನ ಪ್ಯಾಕಪ್ ಆದಮೇಲೆ ಶಾಂತಿ ಮೇಡಮ್ಮೇ ಕೇಳಿದರು. "ನನಗೆ ಅಸಿಸ್ಟೆಂಟ್ ಬೇಕು. ನಿನ್ನ ಕೈ ಚೆನ್ನಾಗಿದೆ. ಮೂರು ವಾರ ಬಿಟ್ಟು ಇಲ್ಲಿಗೇ ಮತ್ತೆ ಬರ್ತೀವಲ್ಲ, ಅದೂ ತಕರಾರಿಲ್ಲದೆ ಮುಗೀಲಿ. ಆಮೇಲೆ ನನ್ನ ಜೊತೆ ಬಂದ್ಬಿಡು."

ಮನೆಯಲ್ಲಿ ಹೇಳಿದಾಗ ಅಮ್ಮ ಭಾಗ್ಯಮ್ಮ ಸೌಟು ಹಿಡಿದೇ ನಿಂತಳು. "ಪಿಎಫ್ ಇರೋ ಕೆಲ್ಸ ಬುಟ್ಟಾ?"

"ಅಲ್ಲಿ ಜಾಸ್ತಿ ಕೊಡ್ತಾರಮ್ಮ."

"ಸಿನಿಮಾದೋರ ಜೊತೆ ಊರೂರು ತಿರುಗ್ತೀಯಾ? ನಾಳೆ ಗಂಡು ನೋಡ್ವಾಗ ಏನಂತ ಏಳಾದು?"

ಪಾಪಯ್ಯ ಇಬ್ಬರನ್ನೂ ನೋಡಿದ. "ಜಗಳ ಬ್ಯಾಡ. ಯಮುನಾ, ಕೇಳು. ಇನ್ನೊಂದ್ ಸಲ ಬತ್ತಾರಲ್ಲ, ಆ ಶೂಟಿಂಗು ಅಜ್ಜಿ ಮನಸು ನೋಯದಂಗೆ ಮುಗೀಬೇಕು. ಆ ಮೇಡಮ್ಮೂ ಒಂದು ಮಾತು ಅನ್ನಬಾರ್ದು. ಎರಡೂ ಆದ್ರೆ ಓಗು. ಒಂದು ಕೆಟ್ರೂ ಇಲ್ಲೇ ಇರು."

ಸಿನಿಮಾದವರು ಹೋದರು, ಮಸಿ ಉಳಿಯಿತು. ಹೋಗುವಾಗ ಲೋಕೇಶ್ ಮುನೀಂದ್ರನಿಗೆ, "ಗೋಡೆ ಹೀಗೇ ಇರ್ಬೇಕು ಮಗಾ, ಯಾರೂ ಮುಟ್ಟಬಾರ್ದು," ಎಂದು ಎರಡು ಸಲ ಹೇಳಿದ್ದ. ಮುನೀಂದ್ರ ಎರಡು ಸಲವೂ "ಆಯ್ತಣ್ಣ" ಅಂದಿದ್ದ. ಮನೆಯಲ್ಲಿ ಒಂದು ಸಲವೂ ಹೇಳಲಿಲ್ಲ.

ಆ ಗೋಡೆಯ ಜೊತೆ ಬಾಳುವುದು ಸುಲಭವಿರಲಿಲ್ಲ. ಒರಗಿದರೆ ಭಾಗ್ಯಮ್ಮನ ಸೀರೆಗೆ ಮಸಿ. ಪಾಪಯ್ಯನ ಬನಿಯನ್ನಿಗೆ ಮಸಿ. ಆನೇಕಲ್ಲಿನಿಂದ ಬಂದ ಚಿಕ್ಕಮ್ಮ ಬಾಗಿಲಲ್ಲೇ ನಿಂತು, "ಯಾಕಕ್ಕಾ, ಬೆಂಕಿ ಗಿಂಕಿ ಬಿದ್ದಿತ್ತಾ?" ಎಂದು ಗಾಬರಿಯಾದಳು. ಅಜ್ಜಿ ಅವತ್ತಿಡೀ ಯಾರ ಹತ್ತಿರವೂ ಮಾತಾಡಲಿಲ್ಲ.

ಮೂರನೇ ವಾರ ಹುರುಳಿಕಾಳಿನ ಬಸ್ಸಾರಿನ ಊಟದ ಹೊತ್ತಿಗೆ ಅಜ್ಜಿಯೇ ಬಾಯಿಬಿಟ್ಟಳು. "ಮುಂದ್ಕೆ ಏನವ್ವ ಕಥೆ?"

ಯಮುನಾಗೆ ಖುಷಿಯಾಯಿತು. ಅಜ್ಜಿಗೂ ಕಥೆ ಹಿಡಿಸಿದೆ! "ಸೋಮವಾರ ಹೀರೋ ಬರ್ತಾನೆ ಅಜ್ಜಿ. ಮೊದಲ್ನೇ ಸಲ ಹುಡುಗಿ ಮನೆಗೆ ಬರೋದು."

"ಬತ್ತೀನಿ ಅಂತ ಏಳಿರ್ತಾನಾ?"

"ಎರಡು ದಿನ ಮುಂಚೆ ಫೋನ್ ಮಾಡಿರ್ತಾನೆ."

"ಓ, ಅಂಗಾ," ಅಂದಳು ಅಜ್ಜಿ. ತುತ್ತು ನುಂಗಿದಳು.

ಭಾನುವಾರ ಯಮುನಾಗೆ ಶಿಪ್‌ಮೆಂಟಿನ ಓವರ್‌ಟೈಮ್. ಮುನೀಂದ್ರ ದಾಸರಹಳ್ಳಿಗೆ ಸಿನಿಮಾ ನೋಡಲು ಹೋಗಿದ್ದ. ಸಂಜೆ ಐದರ ಬಸ್ಸಿಳಿದು ಬೀದಿ ತಿರುಗಿದವಳ ಕಾಲು ಅಲ್ಲೇ ನಿಂತಿತು.

ಮನೆ ಬೆಳ್ಳಗಿತ್ತು.

ಅಪ್ಪಟ ಸುಣ್ಣದ ಬಿಳುಪು, ಅದಕ್ಕೊಂದಿಷ್ಟು ನೀಲಿ. ಬುಡಕ್ಕೆ ಗೇಣಗಲ ಕೆಮ್ಮಣ್ಣಿನ ಪಟ್ಟೆ. ಏಣಿಯ ತುದಿಯಲ್ಲಿ ಬಸಮ್ಮ, ಸೊಂಟಕ್ಕೆ ಸೆರಗು ಕಟ್ಟಿ ಕುಂಚ ಆಡಿಸುತ್ತಿದ್ದಳು. ಕೆಳಗೆ ಅಜ್ಜಿ ಬಕೆಟ್ಟು ಹಿಡಿದು, "ಲೇ, ಆ ಮೂಲೆ ಬುಟ್ಟುಬುಟ್ಟೆ!" ಎಂದು ಕೂಗುತ್ತಿದ್ದಳು.

"ಕಾಣ್ತದ ಬಿಡ್ರೀ ಆಯಿ, ನನಗೂ ಕಣ್ಣದಾವು!"

ಯಮುನಾ ಜಗಲಿಯ ಮೇಲೆ ಕುಸಿದು ಕೂತಳು. "ಅಜ್ಜೀ... ಏನ್ ಮಾಡ್ಬಿಟ್ಟೆ?"

"ಎಂಗೈತೆ?" ಅಜ್ಜಿಯ ಮುಖದ ತುಂಬ ನಗು, ಹುಬ್ಬಿನ ಮೇಲೆ ಸುಣ್ಣ. "ನಾಳೆ ಹುಡ್ಗ ಬತ್ತಾನೆ ಅಂದ್ಯಲ್ಲ. ಮಸಿ ಗೋಡೇಲಿ ಎಂಗವ್ವ ಕೂರಿಸಾದು?"

ಅಜ್ಜಿಗೆ ಸಿಟ್ಟಿರಲಿಲ್ಲ, ಹಟವಿರಲಿಲ್ಲ. ಹೆಣ್ಣಿನ ಮನೆಗೆ ಗಂಡು ಬರುತ್ತಾನೆ. ಮನೆಗೆ ಸುಣ್ಣ ಆಗಬೇಕು. ಅಷ್ಟೇ. ಯಮುನಾ ಎದ್ದು ಒಳಗೆ ಹೋದಳು.

ಅಡುಗೆಮನೆಯಲ್ಲಿ ಭಾಗ್ಯಮ್ಮ ಪಿಸುಗುಟ್ಟಿದಳು. "ಅತ್ತೇನೇ ಓಗಿ ಬಸಮ್ಮನ ಬಾಗ್ಲಲ್ಲಿ ನಿಂತ್ರು ಕಣೆ. ನನ್ ಕೈ ಮ್ಯಾಕೆ ಏಳಲ್ಲ, ಬಾರವ್ವ ಅಂತ. ಅವಳು ಏನಂದ್ಲು ಗೊತ್ತಾ? ಬಾಡಿಗೆಯವ್ರು ಬಳದ್ರ ನಡೀತದೇನ್ರೀ ಅಂದ್ಲು!"

"ಅಜ್ಜಿ ಏನಂದ್ಲು?"

"ಅವತ್ತು ಅಂದಿದ್ದು ತಪ್ಪು, ಬಾಯಿ ಮುಚ್ಕಂಡು ಬಾ ಅಂದ್ರು."

ಸೋಮವಾರ ಏಳು ಗಂಟೆಗೆ ಲೋಕೇಶ್ ವ್ಯಾನಿನಿಂದ ಇಳಿದ. ಇಳಿದವನು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡ. "ಯಾರ್ರೀ ಇದನ್ನ ಮಾಡಿದ್ದು? ಮುನೀಂದ್ರಾ! ಎಲ್ಲೋ ಮುನೀಂದ್ರ?"

ಮುನೀಂದ್ರ ಕೊಟ್ಟಿಗೆಯ ಹಸುವಿನ ಹಿಂದೆ ಇದ್ದ.

"ಹೋದ ಶೆಡ್ಯೂಲಲ್ಲಿ ಕಪ್ಪು ಗೋಡೆ, ಈ ಶೆಡ್ಯೂಲಲ್ಲಿ ಬಿಳಿ ಗೋಡೆ! ಜನ ಥಿಯೇಟರಲ್ಲಿ ಚಪ್ಪಲಿ ಎಸೀತಾರೆ! ಹುಡುಗ್ರಾ, ಇದ್ದಿಲು ಕಲೆಸಿ!"

ಹುಡುಗರು ಒಂದು ಮಗ್ಗುಲಿಗೆ ಎರಚಿ ನೋಡಿದರು. ಸುಣ್ಣ ಒಳಗಿನ್ನೂ ಹಸಿಯಿತ್ತು. ಕಪ್ಪು ನಿಲ್ಲದೆ ಉದ್ದಕ್ಕೆ ಇಳಿದು ಕೆಮ್ಮಣ್ಣಿನ ಮೇಲೆ ಹರಿಯಿತು. ಅಜ್ಜಿ ಅದನ್ನು ನೋಡಿದಳು. ಬಂದು ಗೋಡೆಗೆ ಬೆನ್ನು ಕೊಟ್ಟು ಜಗಲಿಯ ನಟ್ಟನಡುವೆ ಕೂತಳು. "ಎರಚು. ಮೊದ್ಲು ನನ್ ಮ್ಯಾಲೆ ಎರಚು."

"ಅಜ್ಜಿ, ದಯವಿಟ್ಟು ಎದ್ದೇಳಿ. ಹೀರೋ ಡೇಟ್ ಇವತ್ತೊಂದೇ ದಿನ ಇರೋದು."

"ಅವನಿಗೋಸ್ಕರಾನೇ ಬಳಿದಿರಾದು ಕಣಪ್ಪ."

ಡೈರೆಕ್ಟರ್ ಬಂದರು. ಹೀರೋ ಕಾರಲ್ಲೇ ಕೂತ. ಹೀರೋಯಿನ್ ತೇಪೆಯ ರವಿಕೆ ತೊಟ್ಟು ಬಂದು ನಿಂತಳು. ಶಾಂತಿ ಮೇಡಂ ಯಮುನಾಳ ಭುಜ ಹಿಡಿದು ಪಕ್ಕಕ್ಕೆ ಕರೆದರು. "ನಿಮ್ಮಜ್ಜೀನ ಹೇಗಾದ್ರೂ ಒಳಗೆ ಕರ್ಕೊಂಡು ಹೋಗು. ಇದೊಂದು ಮಾಡ್ಬಿಡು, ನಿನ್ನ ಕೆಲಸ ಗ್ಯಾರಂಟಿ. ಇಲ್ಲಾಂದ್ರೆ ನನ್ನ ಕೈಲೂ ಏನೂ ಇಲ್ಲ."

ಪಾಪಯ್ಯ ಬಾಗಿಲಲ್ಲಿ ನಿಂತಿದ್ದ. ಮಗಳ ಮುಖವನ್ನೇ ನೋಡುತ್ತಿದ್ದ.

ಯಮುನಾ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅಜ್ಜಿಯೇ ಮೊದಲು ಮಾತಾಡಿದಳು, ಮೆಲ್ಲಗೆ. "ನಿನ್ ಕೆಲ್ಸ ಕೆಡ್ತದೇನವ್ವ? ಎದ್ದೋಗು ಅನ್ನು, ಎದ್ದೋಯ್ತೀನಿ. ನಿನ್ ಮ್ಯಾಲೆ ಬ್ಯಾಸರ ಮಾಡ್ಕಳಲ್ಲ."

ಅಜ್ಜಿಯ ಬೆರಳುಗಳನ್ನು ಸುಣ್ಣ ತಿಂದಿತ್ತು. ಉಗುರಿನ ಸುತ್ತ ಚರ್ಮ ಸುಲಿದು ಕೆಂಪಾಗಿತ್ತು. ಯಮುನಾ ಆ ಕೈಯನ್ನು ಒಂದು ಸಲ ಹಿಡಿದು ಎದ್ದಳು. ಡೈರೆಕ್ಟರ್ ಎದುರಿಗೆ ಹೋಗಿ ನಿಂತಳು.

"ಸಾರ್, ಒಂದ್ ಮಾತು ಕೇಳ್ಲಾ? ಹುಡುಗ ಎರಡು ದಿನ ಮುಂಚೆ ಫೋನ್ ಮಾಡಿರ್ತಾನೆ ಅಲ್ವಾ?"

"ಹೌದು. ಏನೀಗ?"

"ಆ ಎರಡು ದಿನ ಹುಡುಗಿ ಏನ್ ಮಾಡ್ತಿರ್ತಾಳೆ ಸಾರ್?"

ಡೈರೆಕ್ಟರ್ ಕೈಯಲ್ಲಿದ್ದ ಹಾಳೆ ನೋಡಿದರು. "ಯೋಚನೆ ಮಾಡ್ತಾ ಅಳ್ತಿರ್ತಾಳೆ. ನನ್ನ ಬಡತನ ನೋಡಿದ್ರೆ ಅವನೇನು ಅಂದ್ಕೋತಾನೋ ಅಂತ."

"ಅಳೋಕೆ ಎರಡು ದಿನ ಬೇಕಾ ಸಾರ್? ಒಂದು ಗಂಟೆ ಅಳ್ತಾಳೆ. ಆಮೇಲೆ ಎದ್ದು ಸುಣ್ಣ ಹೊಡೀತಾಳೆ. ಡ್ಯೂಟಿಗೆ ಹೋಗ್ಬಂದು ಹೊಡೀತಾಳೆ. ಪಕ್ಕದ ಮನೆಯೋರನ್ನ ಕರ್ಕೊಂಡು ಹೊಡೀತಾಳೆ. ನಮ್ಮ ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ ಸಾರ್. ಬಡತನ ತೋರ್ಸೋಕೆ ಯಾರೂ ಕಾಯ್ಕೊಂಡು ಕೂತಿರಲ್ಲ."

ಲೋಕೇಶನ ಹುಡುಗ ಬಕೆಟ್ಟನ್ನು ಕೆಳಗಿಟ್ಟ.

"ಸಾರ್," ಅಂದಳು ಹೀರೋಯಿನ್, "ನಮ್ಮಮ್ಮನೂ ಹೀಗೇ. ನೆಂಟ್ರು ಬರ್ತಾರೆ ಅಂದ್ರೆ ಮನೆ ತೊಳೆದೂ ತೊಳೆದೂ ಸೊಂಟ ಹಿಡ್ಕೊಂಡುಬಿಡೋರು."

ಡೈರೆಕ್ಟರ್ ಗೋಡೆಯ ಉದ್ದಕ್ಕೂ ನಡೆದರು, ತಿರುಗಿ ಬಂದರು. ಅಜ್ಜಿಯ ಮುಂದೆ ನಿಂತು ಅವಳ ಕೈಗಳನ್ನೇ ನೋಡಿದರು. "ಹುಡುಗಿ ಕೈ ಹೀಗಿರ್ಬೇಕು," ಅಂದರು, ತಮಗೇ ಹೇಳಿಕೊಳ್ಳುವಂತೆ. ಆಮೇಲೆ ಜೋರಾಗಿ, "ಅವನು ಬರ್ತಾನೆ. ಮನೆ ಬೆಳ್ಳಗಿದೆ. ಕಾಫಿ ಲೋಟ ಕೊಡ್ತಾಳೆ, ಆವಾಗ ಕೈ ನೋಡ್ತಾನೆ. ಅಷ್ಟೇ, ಅವನಿಗೆಲ್ಲ ಗೊತ್ತಾಗುತ್ತೆ. ಈ ಡೈಲಾಗೆಲ್ಲ ತೆಗೀರಿ!"

"ಸಾರ್, ಲಾಟೀನು ಮಾತ್ರ ತೆಗೆಯಲ್ಲ," ಅಂದ ಲೋಕೇಶ್, ಅಳುವ ದನಿಯಲ್ಲಿ.

"ಇರ್ಲಿ ಬಿಡಪ್ಪ."

ಕೆಮ್ಮುವ ಅಮ್ಮನೂ ಹಾಗೇ ಉಳಿದಳು. ಎಲ್ಲವೂ ಒಂದೇ ದಿನದಲ್ಲಿ ಬದಲಾಗುವುದಿಲ್ಲವಲ್ಲ. ಆದರೆ ಶಾಂತಿ ಮೇಡಂ ಹೀರೋಯಿನ್ನಿನ ತೋಳಿನ ಮೇಲಿದ್ದ ಕೆಂಪು ತೇಪೆಯನ್ನು ನೋಡಿದರು, ಯಮುನಾಳನ್ನು ನೋಡಿದರು. "ಸುಣ್ಣ ಹೊಡೆದೋಳು ಇದನ್ನ ಬಿಟ್ಟಿರ್ತಾಳಾ? ಇಪ್ಪತ್ತು ನಿಮಿಷ ಇದೆ. ತೇಪೆ ಬಿಚ್ಚು."

ಬಸಮ್ಮ ಮಸಿ ಇಳಿದಿದ್ದ ಮಗ್ಗುಲಿಗೆ ಇನ್ನೊಂದು ಕೈ ಸುಣ್ಣ ಹೊಡೆದಳು. ಮಧ್ಯಾಹ್ನದ ಹೊತ್ತಿಗೆ ಶಾಟ್ ಓಕೆ ಆಯಿತು. ಹೀರೋ ಬಂದ, ಚಪ್ಪಲಿ ಬಿಟ್ಟ, ಜಗಲಿಯಲ್ಲಿ ಕೂತ. ಹುಡುಗಿ ಲೋಟ ಚಾಚಿದಳು. ಅವನು ಆ ಬೆರಳುಗಳನ್ನು ನೋಡಿದ, ಗೋಡೆಯನ್ನು ನೋಡಿದ. ಲೋಟ ತೆಗೆದುಕೊಳ್ಳುವುದನ್ನೇ ಮರೆತ. ಒಂದು ಮಾತಿಲ್ಲ. ಅಂಗಳದ ಬಾಡಿಗೆಯವರು, ಊರವರು, ಲೈಟಿನವರು ಎಲ್ಲರೂ ಒಟ್ಟಿಗೆ ಚಪ್ಪಾಳೆ ಹೊಡೆದರು. ಬಸಮ್ಮ ಮೂಗು ಒರೆಸಿಕೊಂಡು, "ನಾ ಹೊಡದ ಸುಣ್ಣ ನೋಡ್ರೀ ಅದು," ಎಂದು ಪಕ್ಕದವರಿಗೆ ಹೇಳಿದಳು.

ಅಜ್ಜಿ ಹೀರೋನ ತೋಳು ಹಿಡಿದಳು. "ಬಾಪ್ಪ, ಊಟ ಮಾಡು. ಬೆಳಗಿಂದ ಆ ಕಾಫಿ ಒಂದನ್ನೂ ಕುಡಿಯಾಕೆ ಬುಡ್ಲಿಲ್ಲ ಇವ್ರು."

ಪ್ಯಾಕಪ್ ಹೊತ್ತಿಗೆ ಶಾಂತಿ ಮೇಡಂ ಹೇಳಿದ್ದು ಒಂದೇ ಮಾತು. "ಗುರುವಾರ ಏಳೂವರೆಗೆ ವೈಟ್‌ಫೀಲ್ಡ್. ಹುಡುಗನ ಮನೆ. ತಡ ಮಾಡ್ಬೇಡ."

ಸಂಜೆ ಊಟಕ್ಕೆ ಕೂತಾಗ ಪಾಪಯ್ಯ ಲೆಕ್ಕ ಹಾಕಿದ. "ಅಜ್ಜಿ ಮನಸು ನೋಯ್ಲಿಲ್ಲ, ಸರಿ. ಆದ್ರೆ ಅವ್ರ ಕೈಲಿ ಮಾತು ಅನ್ನುಸ್ಕಂಡಾಯ್ತಲ್ಲ? ಆ ಲೋಕೇಶ ಎಷ್ಟು ಕೂಗಾಡ್ದ."

"ಅದು ನನ್ನ ಬೈದಿದ್ದಪ್ಪ, ಅವಳನ್ನಲ್ಲ," ಅಂದ ಮುನೀಂದ್ರ. ಮನೆಯಲ್ಲಿ ಯಾರೂ ಅದನ್ನು ಅಲ್ಲಗಳೆಯಲಿಲ್ಲ.

"ಪಿಎಫ್..." ಅಂದಳು ಭಾಗ್ಯಮ್ಮ.

"ಓಗ್ಲಿ ಬುಡವ್ವ," ಅಂದಳು ಅಜ್ಜಿ, ಸೊಸೆಯ ಕಡೆ ತಿರುಗಿ. "ಅಷ್ಟು ಜನ ಓದಿರೋರು ನಿಂತಿದ್ರು ಅಲ್ಲಿ. ಹುಡ್ಗಿ ಏನ್ ಮಾಡ್ತಾಳೆ ಅಂತ ಒಬ್ರಿಗೂ ಗೊತ್ತಿರ್ನಿಲ್ಲ. ಇವಳು ಓಗಿ ಏಳ್ಲಿ."

ಭಾಗ್ಯಮ್ಮ ಮಗಳ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. "ಬೆಳಿಗ್ಗೆ ಎಷ್ಟೊತ್ತಿಗೆ ಎಬ್ಬಿಸ್ಬೇಕು?"

ಗುರುವಾರ ಯಮುನಾ ಎರಡು ಬಸ್ಸು ಬದಲಿಸಿ ವೈಟ್‌ಫೀಲ್ಡಿನ ಆ ಬಂಗಲೆ ಮುಟ್ಟಿದಳು. ಹಾಲಿನ ನಡುವೆ ಸುತ್ತಿ ಏರುವ ಮೆಟ್ಟಿಲು, ನೆಲದಲ್ಲಿ ಮುಖ ಕಾಣುವಷ್ಟು ಹೊಳಪು. ಅವಳ ಕೈಯ ಕವರಿನಲ್ಲಿ ಹುಡುಗನ ಅಮ್ಮನ ಪಾತ್ರದ ಬಟ್ಟೆ: ಮಿಂಚಿನ ಸೀರೆ, ತೋಳಿಲ್ಲದ ರವಿಕೆ, ಗೇಣುದ್ದ ಹಿಮ್ಮಡಿಯ ಚಪ್ಪಲಿ. ಬೆಳಿಗ್ಗೆ ತಿಂಡಿಯ ಸೀನು. ಇಸ್ತ್ರಿಗೆ ಪ್ಲಗ್ಗು ಹುಡುಕುತ್ತಾ ಅವಳು ಹಿಂದಿನ ಅಡುಗೆಮನೆಗೆ ಹೋದಳು.

ಅಲ್ಲಿ ಮನೆಯ ಯಜಮಾನಿ ನೆಲದ ಮೇಲೆ ಪೇಪರ್ ಹಾಸಿಕೊಂಡು ಕೂತಿದ್ದರು. ನಾಗಲಕ್ಷ್ಮಮ್ಮ. ಒಂದು ಕಾಲಕ್ಕೆ ಆ ಬಡಾವಣೆ ಪೂರ್ತಿ ಅವರ ದ್ರಾಕ್ಷಿ ತೋಟವಂತೆ. ಬಣ್ಣ ಮಾಸಿದ ನೈಟಿ, ಹೆಗಲಿಗೆ ಟವೆಲ್ಲು, ಕುತ್ತಿಗೆ ಹತ್ತಿರ ಪಿನ್ನು. ಮುಂದೆ ನೆನೆಸಿದ ಅವರೆಕಾಳಿನ ದೊಡ್ಡ ಬೇಸಿನ್ನು. ಒಂದೊಂದೇ ಕಾಳನ್ನು ಹಿಚುಕಿ ಸಿಪ್ಪೆ ಹಾರಿಸುತ್ತಿದ್ದರು.

"ಸಿನಿಮಾದವಳಾ? ಬಾ ಮಗಾ, ಕೂತ್ಕೋ. ಅಡುಗೆಯೋಳು ಇದಾಳೆ, ಆದ್ರೆ ಅವಳು ಹಿಚುಕಿದ್ರೆ ಕಾಳೆಲ್ಲ ಪುಡಿ. ಅಲ್ಲ, ನನ್ನ ಪಾರ್ಟ್ ಮಾಡೋಳು ಏನು ಹಾಕ್ಕೋತಾಳೆ? ತೋರ್ಸು ನೋಡಣ."

ಯಮುನಾ ಕವರಿನಿಂದ ಚಪ್ಪಲಿ ತೆಗೆದು ತೋರಿಸಿದಳು.

ನಾಗಲಕ್ಷ್ಮಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ಇದನ್ನ ಹಾಕ್ಕೊಂಡು ಮನೆ ಒಳಗಾ? ಈ ನೆಲದಲ್ಲಿ ಜಾರಿ ಬಿದ್ದು ಸತ್ತೇ ಹೋಗ್ತಾಳೆ!"

ಯಮುನಾ ಕವರನ್ನು ಎದೆಗವಚಿಕೊಂಡು ಹಾಲಿಗೆ ಓಡಿದಳು. ಶಾಂತಿ ಮೇಡಂ ಹ್ಯಾಂಗರುಗಳ ನಡುವೆ ನಿಂತು ಲಿಸ್ಟು ನೋಡುತ್ತಿದ್ದರು. ಅವಳ ಮುಖ ಕಂಡ ತಕ್ಷಣ ಕಣ್ಣು ಮುಚ್ಚಿಕೊಂಡರು.

"ಮತ್ತೆ ಏನೇ?"

"ಮೇಡಂ, ಒಂದ್ ನಿಮಿಷ ಅಡುಗೆಮನೆಗೆ ಬರ್ತೀರಾ?"

"ಒಂಬತ್ತಕ್ಕೆ ಶಾಟ್ ಇದೆ ಕಣೆ," ಅನ್ನುತ್ತಾ ಶಾಂತಿ ಮೇಡಂ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಅವಳ ಹಿಂದೆ ಹೊರಟರು.